ಜಾಹೀರಾತು ಮತ್ತು ಜವಾಬ್ದಾರಿ

ಪತ್ರಿಕೆಯಾಗಲಿ, ಅಂತರ್ಜಾಲದ ತಾಣವಾಗಲಿ, ನಾವು ದಿನವೂ ಹತ್ತುವ ರೈಲುಗಾಡಿಯಾಗಲಿ, ಜಾಹೀರಾತಿಗೆ ಎಡೆಗೊಡದ ಸಂಸ್ಥೆ ವಿರಳ. ಓದುಗನು ಕೊಡುವ ಬೆಲೆಯಿಂದಲೋ ಪ್ರಯಾಣಿಕನು ಕೊಡುವ ದರದಿಂದಲೋ ಎಲ್ಲ ವೆಚ್ಚವೂ ತುಂಬಿಬರುವುದಿಲ್ಲ. ಆ ಕೊರತೆಯನ್ನು ಜಾಹೀರಾತಿನ ಹಣವು ಕೆಲಮಟ್ಟಿಗೆ ನೀಗಿಸುತ್ತದೆ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಯಾರ ಹಣವನ್ನು ತೆಗೆದುಕೊಳ್ಳಬಹುದು, ಯಾರದನ್ನು ತೆಗೆದುಕೊಳ್ಳಬಾರದು ಎಂಬ ಪ್ರಶ್ನೆ ಉಳಿಯುತ್ತದೆ. ವಿದ್ಯಾರ್ಥಿಗಳೇ, ನಮ್ಮ ಹೈದರಾಬಾದಿನಲ್ಲಿಯೇ ನಡೆದ ಒಂದು ಸಂಗತಿಯ ಮೂಲಕ ಇದನ್ನು ವಿಚಾರಿಸೋಣ.

2025ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ನಗರದ ಕೆಲವು ಮೆಟ್ರೋ ರೈಲುಗಳಲ್ಲಿ ಬೆಟ್ಟಿಂಗ್ ಆ್ಯಪ್‌ಗಳ, ಎಂದರೆ ಮೊಬೈಲಿನಲ್ಲಿ ಹಣವೊಡ್ಡಿ ಆಡುವ ಜೂಜಿನ, ಜಾಹೀರಾತುಗಳು ಕಾಣಿಸಿಕೊಂಡವು. ತೆಲಂಗಾಣವು 2017ರಲ್ಲಿಯೇ ತನ್ನ ಜೂಜು ಕಾಯಿದೆಯನ್ನು ತಿದ್ದಿ ಅಂತರ್ಜಾಲದ ಜೂಜನ್ನೂ ನಿಷೇಧಿಸಿತ್ತು. ನಾಗರಿಕರು ಸಾಮಾಜಿಕ ಜಾಲತಾಣಗಳಲ್ಲಿ ಬರೆದು ಆಕ್ಷೇಪಿಸಿದರು. ಆಗ ಹೈದರಾಬಾದ್ ಮೆಟ್ರೋ ರೈಲಿನ ವ್ಯವಸ್ಥಾಪಕ ನಿರ್ದೇಶಕರಾಗಿದ್ದ ಎನ್.ವಿ.ಎಸ್. ರೆಡ್ಡಿಯವರು, ವಿಷಯವು ಗಮನಕ್ಕೆ ಬಂದೊಡನೆ, ಅವುಗಳನ್ನು ತೆಗೆದುಹಾಕುವಂತೆ ರೈಲು ನಡೆಸುತ್ತಿದ್ದ ಎಲ್ ಅಂಡ್ ಟಿ ಸಂಸ್ಥೆಗೂ ಜಾಹೀರಾತು ಏಜೆನ್ಸಿಗಳಿಗೂ ಆದೇಶಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತುಗಳನ್ನೂ ದೇಶದಾದ್ಯಂತ ನಿಷೇಧಿಸಿತು.

ಜನರು ಜೂಜಿನವರನ್ನು ಬಿಟ್ಟು ಮೆಟ್ರೋವನ್ನು ಪ್ರಶ್ನಿಸಿದುದೇಕೆ? ಜಾಹೀರಾತುದಾರನು ಸ್ಥಳದೊಡನೆ ಆ ಸ್ಥಳದ ಮೇಲೆ ಜನರಿಗಿರುವ ವಿಶ್ವಾಸವನ್ನೂ ಕೊಂಡುಕೊಳ್ಳುತ್ತಾನೆ. ನಾವು ಬಲ್ಲ ಮನೆಯೊಂದರಲ್ಲಿ, ಮಗನ ಕಾಲೇಜು ಶುಲ್ಕಕ್ಕೆಂದು ತಾಯಿ ಕೂಡಿಟ್ಟ ಹಣವು ಇಂತಹ ಆಟದಲ್ಲಿ ಒಂದೇ ವಾರದಲ್ಲಿ ಕರಗಿಹೋಯಿತು. “ಎಲ್ಲಾ ಕಡೆ ಹಾಕ್ಯಾರಲ್ರೀ ಸರ್, ಸುಳ್ಳಿದ್ರ ಹಾಕ್ತಿದ್ರೇನು?” ಎಂದು ಆ ಹುಡುಗನು ನಮ್ಮನ್ನು ಕೇಳಿದನು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಜಾಹೀರಾತನ್ನು ಹಾಕಿದವರೇ.

ಜಾಹೀರಾತನ್ನೇ ಒಲ್ಲೆನೆಂದವರೂ ಉಂಟು. ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ಯು ಜಾಹೀರಾತಿನ ಹಂಗಿಲ್ಲದೆ, ಓದುಗರು ಕೊಟ್ಟ ಬೆಲೆಯಿಂದ ನಡೆಯಿತು. ಎಲ್ಲರಿಗೂ ಅದು ಸಾಧ್ಯವಾಗಲಾರದು. ಆದುದರಿಂದಲೇ ಓದುಗರ ಮತ್ತು ಪ್ರಯಾಣಿಕರ ಎಚ್ಚರವು ಅವಶ್ಯಕ.

ಆಕ್ಷೇಪಿಸುವುದಕ್ಕೂ ಒಂದು ಕ್ರಮವುಂಟು. ಕಣ್ಣಾರೆ ಕಂಡುದನ್ನೇ, ಸ್ಥಳ ಮತ್ತು ದಿನಾಂಕಗಳೊಡನೆ ಬರೆಯಬೇಕು. ತಿದ್ದುವ ಅಧಿಕಾರವುಳ್ಳವರಿಗೆ ಬರೆಯಬೇಕು. ಬೈಗುಳು ಕೂಡದು, ಟಿಕೆಟು ಕೊಡುವ ನೌಕರನು ಜಾಹೀರಾತನ್ನು ಆರಿಸಿದವನಲ್ಲ. ಹತ್ತು ಜನ ಬರೆದರೆಂದು ನೋಡದೆಯೇ ಹನ್ನೊಂದನೆಯವನು ಬರೆಯಬಾರದು.

ನಮ್ಮ ಈ ವಾರ್ಷಿಕ ಸಂಚಿಕೆಗೂ ಅಂಗಡಿಯವರ ಜಾಹೀರಾತು ಬೇಕು. ಮುಂದಿನ ವರ್ಷ ನೀವು ರಸೀತಿ ಪುಸ್ತಕ ಹಿಡಿದು ಹೊರಟಾಗ, ‘ಈ ಸರಕನ್ನು ನನ್ನ ತಂಗಿಯ ಕೈಗೆ ಕೊಡಲು ಒಪ್ಪುವೆನೆ?’ ಎಂದು ಮೊದಲು ಕೇಳಿಕೊಳ್ಳಿರಿ. ಮನಸ್ಸು ಒಪ್ಪದಿದ್ದರೆ ಆ ಪುಟ ಬರಿದಾಗಿಯೇ ಇರಲಿ.