ನೆರೆಯವನ ಹಬ್ಬದ ಎಲೆ

(ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು 10:1ರಿಂದ 11:18, 1 ಕೊರಿಂಥ 8 ಮತ್ತು 10:23–33, ಗಲಾತ್ಯ 2:11–14)

ಹಬ್ಬದ ದಿನ ನೆರೆಯವನು ಬಾಗಿಲಿಗೆ ಬಂದು, "ಈ ಹೊತ್ತು ನಮ್ಮ ಮನೆಯಲ್ಲೇ ಊಟ ಮಾಡಬೇಕು" ಎಂದು ಕರೆದರೆ ಹೋಗಬಹುದೋ, ಹೋಗಬಾರದೋ ಎಂಬ ಪ್ರಶ್ನೆಯು ಹಳ್ಳಿಯ ಸಭೆಗಳಲ್ಲಿ ಹೊಸದಲ್ಲ. ಹೋಗಬಾರದೆಂದು ಹೇಳುವ ಹಿರಿಯರಿದ್ದಾರೆ. ಹೋದರೆ ತಪ್ಪೇನೆಂದು ಕೇಳುವ ಯೌವನಸ್ಥರೂ ಇದ್ದಾರೆ. ಆದರೆ ಇಬ್ಬರೂ ಪ್ರಶ್ನೆಯ ಅರ್ಧವನ್ನು ಮಾತ್ರವೇ ಹಿಡಿದುಕೊಂಡು ವಾದಿಸುವದನ್ನು ನಾವು ಕಾಣುತ್ತೇವೆ. ಕರೆದವನು ನಮ್ಮನ್ನು ಎಲ್ಲಿ ಕೂರಿಸುತ್ತಾನೆ, ನಮ್ಮ ಹಬ್ಬದಲ್ಲಿ ಅವನು ನಮ್ಮ ಮನೆಯ ಒಳಗೆ ಬಂದು ನೀರು ಮುಟ್ಟುತ್ತಾನೋ ಎಂಬದು ಉಳಿದ ಅರ್ಧ. ಈ ತಿಂಗಳ ಪಾಠದಲ್ಲಿ ಎರಡನ್ನೂ ಕೂಡಿಸಿ ನೋಡೋಣ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹಬ್ಬವೆಂಬದು ಒಂದೇ ಮನೆಯ ಗೋಡೆಗಳೊಳಗೆ ಮುಗಿಯುವದಲ್ಲ. ಸಂಕ್ರಾಂತಿಯಲ್ಲಿ ಹೆಣ್ಣುಮಕ್ಕಳು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಗಳನ್ನು ಬೆರಸಿ, ಸಕ್ಕರೆ ಅಚ್ಚನ್ನೂ ಕಬ್ಬಿನ ತುಂಡನ್ನೂ ತಟ್ಟೆಯಲ್ಲಿಟ್ಟುಕೊಂಡು ಮನೆಮನೆಗೆ ಎಳ್ಳು ಬೀರಲು ಹೋಗುವರು. ಸಂಜೆ ದನಗಳನ್ನು ಕಿಚ್ಚು ಹಾಯಿಸುವಾಗ ಊರೆಲ್ಲಾ ನೆರೆಯುವದು. ಯುಗಾದಿಗೆ ಬೇವುಬೆಲ್ಲ, ಒಬ್ಬಟ್ಟು, ಮರುದಿನ ಹೊಸತೊಡಕು. ಆ ದಿನಕ್ಕಾಗಿ ಹಲವು ಮನೆಯವರು ಚೀಟಿಯ ಹಣ ಕೂಡಿಸಿ, ಕುರಿಗಳನ್ನು ಕೊಂಡು, ಮಾಂಸವನ್ನು ಗುಡ್ಡೆ ಹಾಕಿ ಸಮಭಾಗ ಹಂಚಿಕೊಳ್ಳುವರು. ರಂಜಾನಿನ ಹಬ್ಬದ ಬೆಳಿಗ್ಗೆ ಮುಸಲ್ಮಾನರ ಮನೆಗಳಿಂದ ಸುರುಕುಂಬ ಬರುವದು. ಬಕ್ರೀದಿನಲ್ಲಿ ಕುರ್ಬಾನಿಯ ಮಾಂಸವನ್ನು ಮೂರು ಪಾಲು ಮಾಡಿ, ಒಂದನ್ನು ಮನೆಗೂ ಒಂದನ್ನು ಬಂಧುಮಿತ್ರರಿಗೂ ಒಂದನ್ನು ಬಡವರಿಗೂ ಇಡುವ ವಾಡಿಕೆಯುಂಟು. ಮೊಹರಮ್ಮನ್ನು ಹಳೇ ಮೈಸೂರಿನ ಹಳ್ಳಿಯವರು ಬಾಬಯ್ಯನ ಹಬ್ಬವೆಂದು ಕರೆದು, ಹಿಂದೂಗಳೂ ಅದರಲ್ಲಿ ಕೂಡುತ್ತಾ ಬಂದಿದ್ದಾರೆ. ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರದ ಹುಣ್ಣಿಮೆಯ ರಾತ್ರಿ ಹೊರಡುವ ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿ ಬರುವ ಸಂಪ್ರದಾಯವು ಈಗಲೂ ನಡೆಯುತ್ತಲಿದೆ. ಹೀಗಿರಲಾಗಿ ಕ್ರೈಸ್ತನು ಮಾತ್ರ ಕದವಿಕ್ಕಿಕೊಂಡು ಒಳಗೆ ಕೂತರೆ, ಊರವರು ಅದನ್ನು ಭಕ್ತಿಯೆಂದು ತಿಳಿಯುವದಿಲ್ಲ; ಗರ್ವವೆಂದೋ ಮುನಿಸೆಂದೋ ತಿಳಿಯುವರು.

ಈಗ ಗ್ರಂಥಕ್ಕೆ ಬರೋಣ. ಪೇತ್ರನು ಯೊಪ್ಪದಲ್ಲಿ ಇಳುಕೊಂಡಿದ್ದದ್ದು ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಗಳ ಚರ್ಮವನ್ನು ಮುಟ್ಟುವ ಕಸಬಾದದರಿಂದ ಯೆಹೂದ್ಯರು ಅದನ್ನು ಹೀನವೆಂದು ಎಣಿಸುತ್ತಿದ್ದರು. ಆ ಮನೆಯು ಸಮುದ್ರದ ಬಳಿಯಲ್ಲಿತ್ತೆಂದು ಹತ್ತನೆಯ ಅಧ್ಯಾಯದಲ್ಲಿ ಎರಡು ಸಾರಿ ಹೇಳಿದೆ. ಅಂಥ ಮನೆಯು ಊರಿನ ಅಂಚಿನಲ್ಲಿ ಯಾಕೆ ಇರುತ್ತದೆಂದು ನಮ್ಮ ಹಳ್ಳಿಗಳವರಿಗೆ ವಿವರಿಸಬೇಕಾದದ್ದಿಲ್ಲ. ಅಲ್ಲಿಗೆ ರೋಮನ್ ಶತಾಧಿಪತಿಯಾದ ಕೊರ್ನೇಲ್ಯನ ಆಳುಗಳು ಬಂದಾಗ ಪೇತ್ರನು ಮೊದಲು ಅವರನ್ನೇ ಒಳಕ್ಕೆ ಕರೆದು ಉಪಚರಿಸಿದನು. ಮರುದಿನ ಅವರ ಸಂಗಡ ಕೈಸರೈಯಕ್ಕೆ ಹೊರಟು, ಅನ್ಯಜನನ ಮನೆಯೊಳಗೆ ಹೋಗಿ, ಕೆಲವು ದಿನ ಅಲ್ಲೇ ಉಳಿಯುವಂತೆ ಬೇಡಿಕೆಯನ್ನೂ ಹೊಂದಿದನು. ಬಳಿಕ ಯೆರೂಸಲೇಮಿನ ಸಹೋದರರು ಅವನ ಮೇಲೆ ಹೊರಿಸಿದ ತಪ್ಪು ಯಾವದೆಂಬದನ್ನು 11:3ರಲ್ಲಿ ಜಾಗ್ರತೆಯಾಗಿ ನೋಡಿರಿ. ದೀಕ್ಷಾಸ್ನಾನದ ಮಾತನ್ನು ಅವರು ಎತ್ತಲಿಲ್ಲ. ಸುನ್ನತಿಯಿಲ್ಲದವರ ಮನೆಯೊಳಗೆ ಹೋದದ್ದು, ಅವರ ಸಂಗಡ ಉಂಡದ್ದು, ಇದೇ ಅವರಿಗೆ ನುಂಗಲಾರದ ತುತ್ತಾಯಿತು.

ಪೌಲನು ಕೊರಿಂಥದವರಿಗೆ ಬರೆದದ್ದು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು. ಆ ಪಟ್ಟಣದಲ್ಲಿ ಗುಡಿಗಳಲ್ಲಿ ಬಲಿಯಾದ ಪಶುಗಳ ಮಾಂಸವು ಅಂಗಡಿಗೂ ಬರುತ್ತಿತ್ತು, ಸ್ನೇಹಿತರ ಔತಣದಲ್ಲಿಯೂ ಬಡಿಸಲ್ಪಡುತ್ತಿತ್ತು. ಅಪೊಸ್ತಲನು ಇಲ್ಲಿ ಸ್ಥಳಭೇದ ಮಾಡುತ್ತಾನೆ. ಗುಡಿಯೊಳಗೆ ಪೂಜೆಯ ಪಂಕ್ತಿಯಲ್ಲಿ ಪಾಲುಗಾರನಾಗಿ ಕೂಡುವದು ಬೇರೆ. ಸ್ನೇಹಿತನ ಮನೆಯಲ್ಲಿ ಉಣ್ಣುವದು ಬೇರೆ. ನಂಬದವನು ಕರೆದರೆ, ಹೋಗಲು ಮನಸ್ಸಿದ್ದರೆ ಹೋಗಲಿ, ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಲಿ ಎಂಬದು ಆತನ ಅಭಿಪ್ರಾಯ. ಇದು ನೈವೇದ್ಯವಾದದ್ದೆಂದು ಯಾರಾದರೂ ತಿಳಿಸಿದರೆ ಮಾತ್ರ ಬಿಡಬೇಕು. ಅದೂ ಪದಾರ್ಥಕ್ಕೆ ಹೆದರಿ ಅಲ್ಲ, ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತ. ನಮ್ಮಲ್ಲಿ ಕೆಲವರು ಎಲೆಯ ಮುಂದೆ ಕೂತು, ಇದು ದೇವರ ಮುಂದೆ ಇಟ್ಟದ್ದೋ, ಅದು ಇಟ್ಟದ್ದೋ ಎಂದು ಒಬ್ಬಟ್ಟಿನಿಂದ ಕೋಸಂಬರಿಯ ತನಕ ಪಂಚಾಯತಿ ನಡಿಸುವದನ್ನು ಕೇಳಿದ್ದೇವೆ. ಪೌಲನು ಬೇಡವೆಂದದ್ದು ಇಂಥ ವಿಚಾರಣೆಯನ್ನೇ.

ಪ್ರಸಾದವೆಂದು ಹೇಳಿಯೇ ಕೈಗೆ ಕೊಟ್ಟರೆ? ಮನಸ್ಸು ಒಪ್ಪದವರು ಕೈಜೋಡಿಸಿ, "ನಮ್ಮಲ್ಲಿ ಇದನ್ನು ತಕ್ಕೊಳ್ಳುವ ಪದ್ಧತಿಯಿಲ್ಲ, ಅನ್ಯಥಾ ಭಾವಿಸಬಾರದು" ಎಂದರೆ ಸಾಕು. ನಮ್ಮ ಊರುಗಳಲ್ಲಿ ಇದರಿಂದ ಜಗಳವಾಗುವದು ಅಪರೂಪ. ಶನಿವಾರ ಒಪ್ಪತ್ತು ಇರುವವನನ್ನು, ಸೋಮವಾರ ಮಾಂಸ ಮುಟ್ಟದವನನ್ನು ಯಾರೂ ಬಲವಂತಮಾಡುವದಿಲ್ಲ. ಒಬ್ಬೊಬ್ಬರ ನೇಮ ಒಂದೊಂದು ಬಗೆಯೆಂಬದು ಒಕ್ಕಲ ಮನೆಯ ಮಗುವಿಗೂ ಗೊತ್ತು. ಗೌರಿ, ವರಮಹಾಲಕ್ಷ್ಮಿ ಹಬ್ಬಗಳಿಗೆ ಹೋಗುವ ನಮ್ಮ ಸಹೋದರಿಯರು ಅರಿಶಿನ ಕುಂಕುಮದ ವಿಷಯವನ್ನು ಗೆಳತಿಗೆ ಮೊದಲೇ ಹೇಳಿಟ್ಟರೆ, ಆಕೆ ಹೂವು, ಹಣ್ಣು, ಎಲೆ ಅಡಿಕೆ ಕೊಟ್ಟು ಸಂತೋಷವಾಗಿ ಕಳುಹಿಸುವಳು. ಹತ್ತು ಮಂದಿಯ ಎದುರಿಗೆ ಆಕೆಯ ಕೈಯನ್ನು ತಡೆಯುವದು ಮಾತ್ರ ಬಹು ನೋವಿನ ಕೆಲಸ. ಅದಕ್ಕೆ ಮನಸ್ಸಾಕ್ಷಿಯ ಹೆಸರನ್ನು ಕೊಡಲು ನಮಗೆ ಇಷ್ಟವಿಲ್ಲ.

ಇದಕ್ಕಿಂತ ಕಷ್ಟವಾದದ್ದು ಗಲಾತ್ಯದ ಭಾಗ. ಅಂತಿಯೋಕ್ಯದಲ್ಲಿ ಇದೇ ಪೇತ್ರನು ಅನ್ಯಜನರ ಸಂಗಡ ಉಣ್ಣುತ್ತಿದ್ದನು. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದ ಕೂಡಲೇ ಅವರಿಗೆ ಅಂಜಿ ಹಿಂದೆಗೆದನು. ಅವನನ್ನು ನೋಡಿ ಬಾರ್ನಬನೂ ಹಿಂದೆಗೆದನು. ಒಬ್ಬರೇ ಇರುವಾಗ ಒಂದೇ ಪಂಕ್ತಿ, ನಾಲ್ಕು ಮಂದಿ ನೋಡುವಾಗ ಬೇರೆ ಪಂಕ್ತಿ. ಇದನ್ನು ಪೌಲನು ಗುಟ್ಟಾಗಿ ಅಲ್ಲ, ಎಲ್ಲರ ಮುಂದೆಯೇ ಖಂಡಿಸಿದನು.

ನಮ್ಮ ಸಭೆಗಳವರಲ್ಲಿ ಅನೇಕರು ಊರ ಹೊರಗಿನ ಕೇರಿಗಳಿಂದ ಬಂದವರು. ಅಸ್ಪೃಶ್ಯತೆಯನ್ನು 1950ರ ಜನವರಿ 26ರಿಂದ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ರದ್ದುಮಾಡಿತು. ಅದನ್ನು ಆಚರಿಸುವವರನ್ನು ಶಿಕ್ಷಿಸುವ ಶಾಸನವು 1955ರಲ್ಲಿ ಆಯಿತು. ಆದರೂ ಹಬ್ಬಕ್ಕೆ ಕರೆದು, ಉಳಿದವರನ್ನು ನಡುಮನೆಯಲ್ಲಿ ಕೂರಿಸಿ, ಕೇರಿಯವನಿಗೆ ಜಗಲಿಯಲ್ಲೋ ಕೊಟ್ಟಿಗೆಯ ಮಗ್ಗುಲಲ್ಲೋ ಎಲೆ ಹಾಕಿ, ನೀರಿಗೆ ಬೇರೆ ಲೋಟ ಕೊಡುವ ಮನೆಗಳು ಇಲ್ಲವಾಗಿ ಹೋಗಲಿಲ್ಲ. ಅಂಥಲ್ಲಿ ಏನು ಮಾಡಬೇಕೆಂದು ಕೇಳುವವರಿಗೆ ನಮ್ಮ ಉತ್ತರವು ಇದೇ: ಅದು ಸ್ನೇಹದ ಕರೆಯಲ್ಲ, ಸಿಟ್ಟುಮಾಡದೆ, "ಒಳಗೆ ಕೂರುವ ದಿನ ಬಂದು ಉಣ್ಣುತ್ತೇನೆ" ಎಂದು ಹೇಳಿ ಎದ್ದು ಬರುವದಕ್ಕೆ ಅವನಿಗೆ ಪೂರ್ಣ ಸ್ವಾತಂತ್ರ್ಯವಿದೆ. ಒಡೆಯನ ಹೊಲದಲ್ಲಿ ಕೂಲಿಯನ್ನೇ ನಂಬಿದವನಿಗೆ ಇದು ಬಾಯಲ್ಲಿ ಹೇಳುವಷ್ಟು ಸುಲಭವಲ್ಲವೆಂದು ಬಲ್ಲೆವು. ಆದದರಿಂದ ಎದ್ದು ಬರಲಾರದವನನ್ನು ನಾವು ದೂಷಿಸುವದಿಲ್ಲ. ಅದೇ ಮನೆಯ ನಡುಮನೆಯಲ್ಲಿ ಕೂತ ಬೇರೊಬ್ಬ ಕ್ರೈಸ್ತನು, ಉಪಾಧ್ಯಾಯನೋ ಗುಮಾಸ್ತನೋ, ತನ್ನ ಸಹೋದರನು ಜಗಲಿಯಲ್ಲಿರುವದನ್ನು ನೋಡಿಯೂ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರೆ, ಅಂತಿಯೋಕ್ಯದ ಮಾತು ಅವನಿಗೆ ಸಲ್ಲುವದು.

ನಮ್ಮ ಸ್ವಂತ ಪಂಕ್ತಿಯ ವಿಷಯವನ್ನು ಬಿಡುವದು ನ್ಯಾಯವಲ್ಲ. 1850ರಲ್ಲಿ ಮದರಾಸಿನ ಮಿಶನೆರಿಗಳ ಸಮ್ಮೇಳನವು, ಜಾತಿಯನ್ನು ಬಿಟ್ಟದ್ದಕ್ಕೆ ಗುರುತಾಗಿ ಎಲ್ಲರೊಡನೆ ಉಣ್ಣಲು ಒಪ್ಪದವರನ್ನು ಸಭೆಗೆ ಸೇರಿಸಕೂಡದೆಂದು ಗೊತ್ತುಮಾಡಿತು. ಲೈಪ್ಜಿಗ್ ಮಿಶನಿನವರು ಅದಕ್ಕೆ ಸಮ್ಮತಿಸಲಿಲ್ಲ. ಅಂದಿನಿಂದ ಈ ತನಕ ಸಭೆಯ ಊಟದಲ್ಲಿ ಒಟ್ಟಿಗೆ ಕೂತು, ಮದುವೆಯ ಊಟಕ್ಕೆ ಬೇರೆ ಬೇರೆ ಕರೆಯುವ ಕುಟುಂಬಗಳು ಉಂಟು. ಇಂಥವರು ನೆರೆಯವನ ಜಗಲಿಯನ್ನು ಕುರಿತು ದೂರು ಹೇಳಿದರೆ ಯಾರು ಕೇಳುವರು?

ಇನ್ನು ಕರೆಯುವ ಸರದಿ ನಮ್ಮದು. ಕ್ರಿಸ್ಮಸಿನಲ್ಲಿ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿಗಳನ್ನು ತಟ್ಟೆಗಳಲ್ಲಿಟ್ಟು ಊರಿಗೆಲ್ಲಾ ಕಳುಹಿಸುವದು ಒಳ್ಳೆಯದೇ. ಆದರೆ ತಟ್ಟೆ ಕಳುಹಿಸುವದಕ್ಕಿಂತ ಮನೆಗೆ ಕರೆಯುವದು ಕಷ್ಟವೂ ಹೆಚ್ಚಿನದೂ ಆಗಿದೆ. ಅತಿಥಿಯ ನೇಮವನ್ನು ಮೊದಲೇ ತಿಳುಕೊಳ್ಳತಕ್ಕದ್ದು. ಕೇಕಿನಲ್ಲಿ ಮೊಟ್ಟೆಯುಂಟು, ಸಸ್ಯಾಹಾರಿಗೆ ಅದನ್ನು ಹೇಳದೆ ಕೊಟ್ಟು, ಅವನು ತಿಂದಮೇಲೆ ನಗುವದು ಮೋಸವೇ ಹೊರತು ತಮಾಷೆಯಲ್ಲ. ಮುಸಲ್ಮಾನ ಸ್ನೇಹಿತನನ್ನು ಕರೆದರೆ ಮಾಂಸವನ್ನು ಹಲಾಲ್ ಮಾಡುವ ಅಂಗಡಿಯಿಂದಲೇ ತಂದು, ಹಾಗೆಂದು ಅವನಿಗೆ ತಿಳಿಸಬೇಕು. ಹಂದಿಯ ಮಾಂಸ ಬೆಂದ ಪಾತ್ರೆಯನ್ನು ಅವನ ಅಡಿಗೆಗೆ ಉಪಯೋಗಿಸಬಾರದು. ರಂಜಾನು ತಿಂಗಳಲ್ಲಿ ಅವನನ್ನು ಹಗಲೂಟಕ್ಕೆ ಕರೆಯುವವರೂ ಇದ್ದಾರೆ! ಅವರ ವರುಷವು ಚಂದ್ರನ ಲೆಕ್ಕದಲ್ಲಿ ನಡೆಯುವದರಿಂದ ಹಬ್ಬವು ವರುಷಕ್ಕೆ ಸುಮಾರು 11 ದಿನ ಮುಂಚಿತವಾಗಿ ಬರುತ್ತದೆ, ಸುಮಾರು 33 ವರುಷಗಳಲ್ಲಿ ಎಲ್ಲಾ ಕಾಲಗಳನ್ನೂ ಸುತ್ತುತ್ತದೆ. ಕಳೆದ ವರುಷದ ತಾರೀಖನ್ನು ನೆನಪಿನಲ್ಲಿಟ್ಟುಕೊಂಡರೆ ಕೆಲಸಕ್ಕೆ ಬಾರದು.

ಬೇರೆಯವರ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣದ ಹಿರಿಯರು ಕೆಲವು ಮನೆಗಳಲ್ಲಿ ಇದ್ದಾರೆ. ಅಂಥವರಿಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿಗಳನ್ನು ಪಡಿಯಾಗಿ ಕೊಡುವ ಹಳೆಯ ವಾಡಿಕೆಯನ್ನು ಸ್ವಲ್ಪ ಕಾಲ ಇಟ್ಟುಕೊಳ್ಳಬಹುದು. ದೇವನಹಳ್ಳಿಯ ಚಕ್ಕೋತದ ಹಣ್ಣನ್ನು ಬೇಡವೆನ್ನುವವರು ನಮಗೆ ಸಿಕ್ಕಲಿಲ್ಲ. ಆದರೆ ಇದು ಬಾಗಿಲು ತೆರೆಯುವ ತನಕ ಮಾತ್ರ ಇರತಕ್ಕದ್ದು. ತಲೆಮಾರುಗಳ ವರೆಗೆ ಪಡಿಯನ್ನೇ ಕೊಡುತ್ತಾ ಇರುವದು ಸ್ನೇಹವಲ್ಲ, ದೂರವನ್ನು ಅಂದವಾಗಿ ಕಾಪಾಡುವದು. ಮನೆಯ ಹಿರಿಯರು ಬಾರದಿದ್ದರೂ ಓದುವ ಮಕ್ಕಳು ಬರುತ್ತಾರೆ. ಅವರನ್ನೇ ಮೊದಲು ಕರೆಯಿರಿ.

ಹೊಸ ನೆರೆಯವರ ಮಾತು ಒಂದು ಉಳಿದಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದಂದಿನಿಂದ ಈ ಸೀಮೆಯ ಜನಸಂಖ್ಯೆಯೇ ಬದಲಾಯಿಸಿತು. ಒಡಿಶಾ, ಬಿಹಾರ, ಝಾರ್ಖಂಡ, ಅಸ್ಸಾಮುಗಳಿಂದ ಬಂದವರು ಕಟ್ಟಡದ ಕೆಲಸಗಳಲ್ಲಿಯೂ ಕಾರಖಾನೆಗಳಲ್ಲಿಯೂ ದುಡಿಯುತ್ತಾ, ಒಂದೊಂದು ಬಾಡಿಗೆಯ ಕೋಣೆಯಲ್ಲಿ ನಾಲ್ಕೈದು ಮಂದಿ ಇದ್ದಾರೆ. ಅವರಲ್ಲಿ ಕೆಲವರು ಛಠ್ ಹಬ್ಬದವರು, ಕೆಲವರು ಈದಿನವರು, ಕೆಲವರು ನಮ್ಮ ಹಾಗೆಯೇ ಕ್ರಿಸ್ಮಸಿನವರು. ಊರಿನಲ್ಲಿ ನಾಲ್ಕು ತಲೆಮಾರಿನಿಂದ ಇರುವವನಿಗೆ ಹಬ್ಬದ ದಿನ ಹೋಗಲು ಹತ್ತು ಮನೆಗಳುಂಟು; ಇವರಿಗೆ ಒಂದೂ ಇಲ್ಲ. ಭಾಷೆ ಬಾರದೆಂದು ಹಿಂದೆಗೆಯಬೇಕಾದದ್ದಿಲ್ಲ, ಊಟಕ್ಕೆ ಕರೆಯಲು ಕೈಸನ್ನೆ ಸಾಕು.

ಪಾಠ ನಡಿಸುವವರು ಈ ಭಾಗಗಳನ್ನು ಓದಿಸುವದಕ್ಕೆ ಮುಂಚೆ ಕೂಟದವರಿಗೆ ಒಂದೊಂದು ಕಾಗದದ ಚೂರನ್ನು ಕೊಡಲಿ. ಕಳೆದ ಒಂದು ವರುಷದಲ್ಲಿ ತಾವು ಒಳಗೆ ಕೂತು ಉಂಡ ಅನ್ಯಧರ್ಮದವರ ಮನೆಗಳೆಷ್ಟು, ತಮ್ಮ ಮನೆಯೊಳಗೆ ಬಂದು ಉಂಡವರೆಷ್ಟು ಎಂಬ ಎರಡು ಲೆಕ್ಕಗಳನ್ನು, ಹೆಸರು ಹಾಕದೆ, ಪ್ರತಿಯೊಬ್ಬನೂ ಬರೆಯಲಿ. ಓದುಬಾರದವರಿಗೆ ಗೆರೆ ಎಳೆದರೆ ಸಾಕು. ಚೂರುಗಳನ್ನು ಕೂಡಿಸಿ ಎರಡು ಮೊತ್ತಗಳನ್ನೂ ಹಲಗೆಯ ಮೇಲೆ ಬರೆದ ಬಳಿಕ 11:3ನ್ನು ಗಟ್ಟಿಯಾಗಿ ಓದಿಸಿ, ಮಾತಿಗೆ ಸಮಯ ಕೊಡಲಿ.