ಪಂಪ್ ಏರಿಸಿದೆವು, ಪಲ್ಸ್ ಯಾಕೆ ದೊಡ್ಡದಾಗಲಿಲ್ಲ?

ಕಳೆದ ಬೇಸಿಗೆ ರಜೆಯಲ್ಲಿ ನಾವು ಮೂವರು ಒಂದು ಫೋಟಾನಿಕ್ಸ್ ಲ್ಯಾಬಿನಲ್ಲಿ ಎಂಟು ವಾರ ಇಂಟರ್ನ್‌ಶಿಪ್ ಮಾಡಿದೆವು. ಮೇಜಿನ ಮೇಲೆ ಸುರುಳಿ ಸುತ್ತಿಟ್ಟ 20 ಮೀಟರ್ ಫೈಬರ್, ಅದರ ಎರಡೂ ತುದಿ ಬೆಸೆದು ಮಾಡಿದ ಒಂದು ರಿಂಗ್. ಅದೇ ಲೇಸರ್. ಆರನೇ ವಾರದ ಕೊನೆಗೆ ನಮ್ಮ ಕೈಯಲ್ಲಿ ಒಂದು ಚಂದದ ಗ್ರಾಫ್ ಇತ್ತು: ಪಂಪ್ ಪವರ್ ಏರಿಸಿದಂತೆಲ್ಲ ಒಂದು ಪಲ್ಸ್‌ನ ಶಕ್ತಿ ನೇರ ಗೆರೆಯಲ್ಲಿ ಏರುತ್ತಾ ಹೋಗಿ ಮೂರು ಪಟ್ಟಾಗಿತ್ತು. ರಿವ್ಯೂಗೆ ಸ್ಲೈಡ್ ಕೂಡ ರೆಡಿ. ಅದರಲ್ಲಿದ್ದ ಒಂದೊಂದು ರೀಡಿಂಗೂ ಸರಿಯಾಗೇ ಇತ್ತು. ಗ್ರಾಫ್ ಮಾತ್ರ ಪೂರ್ತಿ ತಪ್ಪು.

ಹೇಗೆ ತಪ್ಪು ಅಂತ ಹೇಳೋಕೆ ಮೊದಲು ಆ ರಿಂಗಿನ ಒಳಗೆ ಏನು ನಡೆಯುತ್ತೆ ಅಂತ ನೋಡಬೇಕು. ಇಸಿ, ಇಇ, ಮೆಕ್ಯಾನಿಕಲ್ ಯಾರೇ ಆಗಿರಲಿ, ಎರಡನೇ ಸೆಮಿಸ್ಟರ್‌ನ ಫಿಸಿಕ್ಸ್ ನೆನಪಿದ್ರೆ ಸಾಕು.

ರಿಂಗಿನಲ್ಲಿ ಒಂದೆರಡು ಮೀಟರ್ ಎರ್ಬಿಯಂ ಬೆರೆಸಿದ ಫೈಬರ್ ಇದೆ. 980 ನ್ಯಾನೋಮೀಟರ್‌ನ ಪಂಪ್ ಡಯೋಡ್ ಅದಕ್ಕೆ ಶಕ್ತಿ ತುಂಬುತ್ತೆ, ಅದು 1550 ನ್ಯಾನೋಮೀಟರ್ ಸುತ್ತಮುತ್ತಲಿನ ಬೆಳಕನ್ನು ಬೆಳೆಸುತ್ತೆ. ಬೆಳಕು ಒಂದೇ ದಿಕ್ಕಿಗೆ ಸುತ್ತಲಿ ಅಂತ ಐಸೋಲೇಟರ್, 10 ಪರ್ಸೆಂಟ್ ಬೆಳಕನ್ನು ಹೊರಗೆ ಕೊಡೋಕೆ ಕಪ್ಲರ್, ಜೊತೆಗೆ ಒಂದು ಪೋಲರೈಸರ್ ಮತ್ತು ಎರಡು ಪೋಲರೈಸೇಶನ್ ಕಂಟ್ರೋಲರ್. ಮಿಕ್ಕಿದ್ದೆಲ್ಲ ಟೆಲಿಫೋನ್ ಕಂಪನಿಗಳು ನೆಲದಡಿ ಹೂಳುವ ಮಾಮೂಲಿ ಫೈಬರ್. ಗಾಜಿನೊಳಗೆ ಬೆಳಕು ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡುತ್ತೆ. ಹಾಗಾಗಿ ಒಂದು ಸುತ್ತಿಗೆ ಸುಮಾರು 98 ನ್ಯಾನೋಸೆಕೆಂಡ್, ಸೆಕೆಂಡಿಗೆ ಸುಮಾರು 1 ಕೋಟಿ 2 ಲಕ್ಷ ಸುತ್ತು, ಅಂದ್ರೆ 10.2 ಮೆಗಾಹರ್ಟ್ಸ್.

ಈ ರಿಂಗಿನಲ್ಲಿ ಎಲ್ಲ ಫ್ರೀಕ್ವೆನ್ಸಿಗೂ ಜಾಗ ಇಲ್ಲ. ಒಂದು ಸುತ್ತಿನಲ್ಲಿ ಪೂರ್ಣ ಸಂಖ್ಯೆಯ ಅಲೆಗಳು ಹಿಡಿಸುವಂಥವು ಮಾತ್ರ ಉಳಿಯುತ್ತವೆ. ಅವೇ ಮೋಡ್‌ಗಳು. ಪಕ್ಕಪಕ್ಕದ ಎರಡು ಮೋಡ್‌ಗಳ ನಡುವಿನ ಅಂತರವೂ ಅದೇ 10.2 ಮೆಗಾಹರ್ಟ್ಸ್. ನಮ್ಮ ಲೇಸರಿನ ಸ್ಪೆಕ್ಟ್ರಮ್ ಸುಮಾರು 5 ನ್ಯಾನೋಮೀಟರ್ ಅಗಲ ಇತ್ತು. ಲೆಕ್ಕ ಹಾಕಿದ್ರೆ ಅಷ್ಟರಲ್ಲಿ 60 ಸಾವಿರಕ್ಕೂ ಹೆಚ್ಚು ಮೋಡ್‌ಗಳು!

ಇವು ತಮ್ಮ ಪಾಡಿಗೆ ತಾವು ಕುಣಿದರೆ ಹೊರಗೆ ಬರೋದು ಗದ್ದಲ. ಊರ ಜಾತ್ರೆಯ ತಮಟೆಯವರನ್ನು ನೆನಪಿಸಿಕೊಳ್ಳಿ. ಒಬ್ಬರು ನಿಮಿಷಕ್ಕೆ 100 ಪೆಟ್ಟು, ಮುಂದಿನವರು 101, ಅವರ ಪಕ್ಕದವರು 102, ಹೀಗೆ ಐವತ್ತು ಜನ. ಎಲ್ಲರೂ ಒಂದೇ ಕ್ಷಣಕ್ಕೆ ಶುರು ಮಾಡಿದರು ಅಂದುಕೊಳ್ಳಿ. ಮೊದಲ ಪೆಟ್ಟು ಗುಡುಗಿದ ಹಾಗೆ ಕೇಳುತ್ತೆ, ಆಮೇಲೆ ಎಲ್ಲ ಚೆಲ್ಲಾಪಿಲ್ಲಿ. ಆದರೆ ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಅಷ್ಟೂ ಜನರ ಪೆಟ್ಟು ಒಟ್ಟಿಗೆ ಬೀಳಲೇಬೇಕು. ವ್ಯತ್ಯಾಸ ನಿಮಿಷಕ್ಕೆ ಒಂದು, ಗುಡುಗೂ ನಿಮಿಷಕ್ಕೆ ಒಂದು. ಮೋಡ್ ಲಾಕಿಂಗ್ ಅಂದ್ರೆ ಇಷ್ಟೇ. ಇಲ್ಲಿ ಗುಡುಗು ಅಂದ್ರೆ ಪಲ್ಸ್, 98 ನ್ಯಾನೋಸೆಕೆಂಡಿಗೆ ಒಂದು.

ಎಲ್ಲರನ್ನೂ ಒಟ್ಟಿಗೆ ಶುರು ಮಾಡಿಸೋರು ಯಾರು? ನಮ್ಮ ರಿಂಗಿನಲ್ಲಿ ಆ ಕೆಲಸ ಪೋಲರೈಸರ್‌ದು. ಫೈಬರಿನಲ್ಲಿ ಬೆಳಕಿನ ಪೋಲರೈಸೇಶನ್ ಎಷ್ಟು ತಿರುಗುತ್ತೆ ಅನ್ನೋದು ಬೆಳಕಿನ ತೀವ್ರತೆಯ ಮೇಲೂ ನಿಂತಿದೆ. ಕಂಟ್ರೋಲರ್ ಸರಿಯಾಗಿ ಹೊಂದಿಸಿದ್ರೆ ತೀವ್ರವಾದ ಬೆಳಕು ಪೋಲರೈಸರ್ ದಾಟುತ್ತೆ, ಮಂದ ಬೆಳಕು ತಡೆಯಲ್ಪಡುತ್ತೆ. ಗದ್ದಲದಲ್ಲಿ ಎಲ್ಲೋ ಒಂದು ಸಣ್ಣ ಉಬ್ಬು ಇದ್ದರೆ ಸುತ್ತು ಸುತ್ತಿಗೂ ಅದಕ್ಕೇ ಲಾಭ, ಕೊನೆಗೆ ಅದೇ ಪಲ್ಸ್ ಆಗಿ ನಿಲ್ಲುತ್ತೆ. ಹೇಳೋಕೆ ಸುಲಭ. ಆ ಪ್ಯಾಡಲ್‌ಗಳನ್ನು ತಿರುಗಿಸೋದು ಹಳೇ ರೇಡಿಯೋದಲ್ಲಿ ಸ್ಟೇಷನ್ ಹಿಡಿದ ಹಾಗೆ. ಮೊದಲ ಸಲ ಲಾಕ್ ಆಗೋಕೆ ನಮಗೆ ಮೂರು ದಿನ ಬೇಕಾಯ್ತು. ನಾಲ್ಕನೇ ದಿನ ನಮ್ಮಲ್ಲೊಬ್ಬನ ಮೊಣಕೈ ಫೈಬರಿಗೆ ತಾಗಿ ಅದೂ ಹೋಯ್ತು.

ಪಲ್ಸ್ ಹುಟ್ಟಿತು ಸರಿ, ಅದು ಉಳಿಯೋದು ಹೇಗೆ ಅನ್ನೋದು ಇನ್ನೂ ಸ್ವಾರಸ್ಯದ ವಿಷಯ. ನಮ್ಮ ಪಲ್ಸ್‌ನ ಅಗಲ ಸುಮಾರು ಅರ್ಧ ಪಿಕೋಸೆಕೆಂಡ್. ಮಾಮೂಲಿ ಫೈಬರಿನಲ್ಲಿ 1550ರ ಹತ್ತಿರ ಬೇರೆ ಬೇರೆ ಬಣ್ಣಗಳ ವೇಗ ಬೇರೆ: ಕಿಲೋಮೀಟರಿಗೆ, ಪ್ರತಿ ನ್ಯಾನೋಮೀಟರ್ ವ್ಯತ್ಯಾಸಕ್ಕೆ, 17 ಪಿಕೋಸೆಕೆಂಡ್. ಇದೇ ಡಿಸ್ಪರ್ಶನ್. 5 ನ್ಯಾನೋಮೀಟರ್ ಅಗಲದ ಸ್ಪೆಕ್ಟ್ರಮ್ ಇರುವ ಪಲ್ಸ್ 20 ಮೀಟರ್ ಓಡಿದ್ರೆ ಅದರ ಎರಡು ಅಂಚಿನ ಬಣ್ಣಗಳ ನಡುವೆ 1.7 ಪಿಕೋಸೆಕೆಂಡ್ ಅಂತರ ಬೀಳಬೇಕು. ಒಂದೇ ಸುತ್ತಿಗೆ ಪಲ್ಸ್ ತನ್ನ ಮೂರು ಪಟ್ಟಿಗೂ ಹೆಚ್ಚು ಚೆದುರಬೇಕು. ಆದ್ರೆ ಅದು ಕೋಟಿ ಸುತ್ತು ಹಾಕಿದ್ರೂ ಹಾಗೇ ಇರುತ್ತಲ್ಲ?

ಅದನ್ನು ಕಾಪಾಡೋದು ಗಾಜಿನ ಇನ್ನೊಂದು ಗುಣ. ಬೆಳಕು ತೀವ್ರವಾದಾಗ ಗಾಜಿನ ವಕ್ರೀಭವನ ಸೂಚ್ಯಂಕ, ಅದೇ ಕ್ಲಾಸಲ್ಲಿ ನಾವು ರಿಫ್ರಾಕ್ಟಿವ್ ಇಂಡೆಕ್ಸ್ ಅನ್ನೋದು, ಚೂರೇ ಚೂರು ಏರುತ್ತೆ. ಇದು ಕೆರ್ ಪರಿಣಾಮ. ಇದರಿಂದ ಪಲ್ಸ್‌ನ ಮುಂಭಾಗ ಕೆಂಪಿನ ಕಡೆಗೂ ಹಿಂಭಾಗ ನೀಲಿಯ ಕಡೆಗೂ ಜಾರುತ್ತವೆ. ಈ ಫೈಬರಿನಲ್ಲಿ 1550ರ ಹತ್ತಿರ ನೀಲಿ ಕಡೆಯದ್ದು ವೇಗ, ಕೆಂಪು ಕಡೆಯದ್ದು ನಿಧಾನ. ಹಿಂದಿರೋದು ಮುಂದಕ್ಕೆ ಧಾವಿಸುತ್ತೆ, ಮುಂದಿರೋದು ಹಿಂದೆ ಬೀಳುತ್ತೆ. ಒಂದು ಚೆದುರಿಸ್ತಿದ್ರೆ ಇನ್ನೊಂದು ಒತ್ತಿ ಹಿಡಿಯುತ್ತೆ. ಎರಡೂ ಸಮವಾದಾಗ ಸಿಗೋದು ಸಾಲಿಟಾನ್. 1834ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರದ ಕಾಲುವೆಯಲ್ಲಿ ದೋಣಿಯೊಂದು ತಟ್ಟನೆ ನಿಂತಾಗ ಅದರ ಮುಂದಿನಿಂದ ಎದ್ದ ಒಂಟಿ ಅಲೆ ಆಕಾರ ಕೆಡದೆ ಸಾಗಿದ್ದನ್ನು ಜಾನ್ ಸ್ಕಾಟ್ ರಸಲ್ ಕುದುರೆಯ ಮೇಲೆ ಬೆನ್ನಟ್ಟಿ ನೋಡಿದ ಕತೆ ನೀವು ಕೇಳಿರಬಹುದು. ಫೈಬರಿನಲ್ಲೂ ಅಂಥದ್ದು ಸಾಧ್ಯ ಅಂತ 1973ರಲ್ಲಿ ಬೆಲ್ ಲ್ಯಾಬ್ಸ್‌ನ ಹಸೆಗಾವಾ ಮತ್ತು ಟ್ಯಾಪರ್ಟ್ ಲೆಕ್ಕ ಹಾಕಿ ಹೇಳಿದರು. 1980ರಲ್ಲಿ ಅಲ್ಲಿಯವರೇ ಆದ ಮಾಲೆನಾವರ್, ಸ್ಟೋಲೆನ್, ಗಾರ್ಡನ್ ಅದನ್ನು ಪ್ರಯೋಗದಲ್ಲಿ ತೋರಿಸಿದರು.

ಈಗ ನಮ್ಮ ಗ್ರಾಫಿಗೆ ಉರುಳಾದ ಮಾತು. ಈ ಸಮತೋಲ ಪುಕ್ಕಟೆ ಅಲ್ಲ. ಸಾಲಿಟಾನ್‌ನ ಶಕ್ತಿಯನ್ನು ಅದರ ಅಗಲದಿಂದ ಗುಣಿಸಿದರೆ ಬರುವ ಬೆಲೆಯನ್ನು ನಿರ್ಧರಿಸೋದು ಫೈಬರಿನ ಡಿಸ್ಪರ್ಶನ್ ಮತ್ತು ಕೆರ್ ಗುಣ, ನಾವಲ್ಲ. ಮಾಮೂಲಿ ಫೈಬರಿನ ಅಂಕಿಗಳನ್ನು ಹಾಕಿದ್ರೆ ಅರ್ಧ ಪಿಕೋಸೆಕೆಂಡ್ ಪಲ್ಸ್‌ಗೆ ಸುಮಾರು 0.12 ನ್ಯಾನೋಜೂಲ್ ಬರುತ್ತೆ. ರಿಂಗಿನೊಳಗೆ ಸರಾಸರಿ ಪವರ್ ಬರೀ 1.2 ಮಿಲಿವಾಟ್, ಆದರೆ ಪಲ್ಸ್‌ನ ತುದಿಯಲ್ಲಿ ಸುಮಾರು 200 ವಾಟ್. ಶಕ್ತಿ ಮೂರು ಪಟ್ಟಾಗಬೇಕಾ? ಆಗ ಅಗಲ ಮೂರರಲ್ಲೊಂದು ಪಾಲಾಗಬೇಕು, ಸ್ಪೆಕ್ಟ್ರಮ್ ಮೂರು ಪಟ್ಟು ಹಿಗ್ಗಬೇಕು.

ನಾವು ಮಾಡಿದ್ದು ಏನಂದ್ರೆ, ಪಂಪ್ ಏರಿಸುತ್ತಾ ಹೋದೆವು, ಹೊರಗೆ ಬಂದ ಸರಾಸರಿ ಪವರ್ ಅಳೆದೆವು, 10 ಪರ್ಸೆಂಟ್ ಕಪ್ಲರ್ ಅಂತ ಹತ್ತರಿಂದ ಗುಣಿಸಿದೆವು, 10.2 ಮೆಗಾಹರ್ಟ್ಸ್‌ನಿಂದ ಭಾಗಿಸಿದೆವು. ಆಸಿಲೋಸ್ಕೋಪಿನಲ್ಲಿ 98 ನ್ಯಾನೋಸೆಕೆಂಡಿಗೆ ಒಂದೇ ಗೆರೆ ಕಾಣ್ತಿತ್ತು, ಹಾಗಾಗಿ ಒಂದು ಸುತ್ತಿಗೆ ಒಂದು ಪಲ್ಸ್ ಅನ್ನೋದರಲ್ಲಿ ಅನುಮಾನವೇ ಬರಲಿಲ್ಲ. 1.2 ಮಿಲಿವಾಟ್ ಇದ್ದದ್ದು 3.6 ಆಯ್ತು, 0.12 ಇದ್ದದ್ದು 0.36 ನ್ಯಾನೋಜೂಲ್.

ಅಲ್ಲಿ ಪಿಎಚ್‌ಡಿ ಮಾಡ್ತಿದ್ದ ಅಕ್ಕ ಸ್ಲೈಡ್ ನೋಡಿ ಒಂದೇ ಪ್ರಶ್ನೆ ಕೇಳಿದರು: "ಅದೆಲ್ಲ ಸರಿ ಕಣ್ರೋ, ಸ್ಪೆಕ್ಟ್ರಮ್ ಎಷ್ಟು ಅಗಲ ಆಯ್ತು?"

ಆಗಿರಲಿಲ್ಲ. 5 ನ್ಯಾನೋಮೀಟರ್ ಇದ್ದದ್ದು ಹೆಚ್ಚುಕಮ್ಮಿ 5ರಲ್ಲೇ ಇತ್ತು. ಒಂದೇ ಪಲ್ಸ್ ಮೂರು ಪಟ್ಟಾಗಿದ್ದರೆ 15 ಆಗಬೇಕಿತ್ತು. ಆಟೋಕೋರಿಲೇಟರ್‌ನಲ್ಲಿ ಅಳೆದ ಅಗಲವೂ ಅದೇ ಅರ್ಧ ಪಿಕೋಸೆಕೆಂಡ್. ಎರಡೂ ಅಂಕಿ ನಮ್ಮ ನೋಟ್‌ಬುಕ್‌ನಲ್ಲೇ ಇದ್ದವು. "ಪಲ್ಸ್ ಸ್ಥಿರವಾಗಿದೆ" ಅಂತ ಪಕ್ಕದಲ್ಲಿ ಟಿಕ್ ಬೇರೆ ಹಾಕಿದ್ದೆವು.

ಅಕ್ಕ ಆಟೋಕೋರಿಲೇಟರ್‌ನ ಸ್ಕ್ಯಾನ್ ರೇಂಜನ್ನು 10 ಪಿಕೋಸೆಕೆಂಡ್‌ನಿಂದ 100ಕ್ಕೆ ಏರಿಸಿದರು. ಒಂದು ಶಿಖರದ ಜಾಗದಲ್ಲಿ ಐದು ನಿಂತವು, ದೇವಸ್ಥಾನದ ಗೋಪುರದ ಹಾಗೆ ನಡುವಿನದು ಎತ್ತರ, ಆಚೀಚೆ ಇಳಿಜಾರು, ಎತ್ತರಗಳು ಸುಮಾರು 1, 2, 3, 2, 1ರ ಪ್ರಮಾಣದಲ್ಲಿ. ಈ ಉಪಕರಣ ಪಲ್ಸ್ ಸಾಲನ್ನು ಅದರದೇ ನಕಲಿನ ಮೇಲೆ ಸರಿಸುತ್ತಾ ಹೋಗುತ್ತೆ. ಸಮ ದೂರದಲ್ಲಿ ಮೂರು ಪಲ್ಸ್ ಇದ್ದರೆ, ಪೂರ್ತಿ ಹೊಂದಿದಾಗ ಮೂರೂ ಕೂಡುತ್ತವೆ, ಒಂದು ಸ್ಥಾನ ಸರಿದರೆ ಎರಡು, ಎರಡು ಸ್ಥಾನ ಸರಿದರೆ ಒಂದು. ನಮ್ಮ ಮೂರು ಪಲ್ಸ್‌ಗಳು ಸುಮಾರು 20 ಪಿಕೋಸೆಕೆಂಡ್ ಅಂತರದಲ್ಲಿ ಗುಂಪಾಗಿ ಓಡ್ತಿದ್ದವು. 1 ಗಿಗಾಹರ್ಟ್ಸ್ ಆಸಿಲೋಸ್ಕೋಪ್ ಸುಮಾರು 350 ಪಿಕೋಸೆಕೆಂಡಿಗಿಂತ ಸೂಕ್ಷ್ಮವಾದದ್ದನ್ನು ಬಿಡಿಸಿ ತೋರಿಸೋಲ್ಲ. ಅದರ ಕಣ್ಣಿಗೆ ಮೂರೂ ಸೇರಿ ಒಂದೇ.

ಹೋಟೆಲಿನ ದೋಸೆ ನೆನಪಿಸಿಕೊಳ್ಳಿ. ಹಿಟ್ಟು ಜಾಸ್ತಿ ರುಬ್ಬಿದ್ದಾರೆ ಅಂತ ದೋಸೆ ದೊಡ್ಡದಾಗಲ್ಲ. ಸೌಟು ಅದೇ, ದೋಸೆಗಳ ಲೆಕ್ಕ ಹೆಚ್ಚುತ್ತೆ ಅಷ್ಟೇ.

ಆದರೆ ಪಲ್ಸ್ ಮೂರು ಪಟ್ಟು ಸಣ್ಣದಾಗಿ, ಹಿಗ್ಗಿ, ಒಂದಾಗೇ ಉಳಿಯಬಹುದಿತ್ತಲ್ಲ, ಒಡೆಯೋದು ಯಾಕೆ? ಕಾರಣ ಒಂದಲ್ಲ. ಸ್ಪೆಕ್ಟ್ರಮ್ ಹಿಗ್ಗಿದಷ್ಟೂ ಅದರ ಅಂಚುಗಳಿಗೆ ಎರ್ಬಿಯಂನಿಂದ ಸಿಗುವ ಬಲ ಕಡಿಮೆ. ಪೋಲರೈಸರ್ ಕೂಡ ತೀವ್ರತೆ ಒಂದು ಮಿತಿ ದಾಟಿದರೆ ತಿರುಗಿ ಬೀಳುತ್ತೆ: ಪೋಲರೈಸೇಶನ್ ಅಗತ್ಯಕ್ಕಿಂತ ಹೆಚ್ಚು ತಿರುಗಿ, ದಾಟಿಸುವ ಬದಲು ತಡೆಯೋಕೆ ಶುರು ಮಾಡುತ್ತೆ. ಇದರ ಮೇಲೆ, ರಿಂಗಿನಲ್ಲಿ ಸುತ್ತು ಸುತ್ತಿಗೂ ಬಲ, ನಷ್ಟ, ಬಲ, ನಷ್ಟ ಅಂತ ಅಲುಗುವ ಸಾಲಿಟಾನ್ ಪ್ರತಿ ಸಲ ಸ್ವಲ್ಪ ಶಕ್ತಿ ಚೆಲ್ಲುತ್ತೆ. ಪಲ್ಸ್ ಕಿರಿದಾದಷ್ಟೂ ಚೆಲ್ಲೋದು ಹೆಚ್ಚು. ಸ್ಪೆಕ್ಟ್ರಮ್‌ನ ಎರಡೂ ಬದಿಗೆ ಮುಳ್ಳಿನ ಹಾಗೆ ನಿಲ್ಲುವ ಕೆಲ್ಲಿ ಸೈಡ್‌ಬ್ಯಾಂಡ್‌ಗಳು ಈ ಚೆಲ್ಲಿದ ಬೆಳಕೇ. 1992ರಲ್ಲಿ ಅದನ್ನು ವಿವರಿಸಿದ ಕೆಲ್ಲಿಯ ಹೆಸರೇ ಅವಕ್ಕೆ. ಹೀಗಾಗಿ ಒಂದು ಹಂತ ದಾಟಿದ ಮೇಲೆ ಒಂದು ದೈತ್ಯ ಪಲ್ಸ್‌ಗಿಂತ ಎರಡು ಸಾಧಾರಣ ಪಲ್ಸ್‌ಗಳಿಗೆ ನಷ್ಟ ಕಡಿಮೆ. ರಿಂಗ್ ನಷ್ಟ ಕಡಿಮೆ ಇರುವ ದಾರಿ ಹಿಡಿಯುತ್ತೆ.

ಒಡೆದ ಮೇಲೆ ಮೂರೂ ಸಮ ಸಮ ಯಾಕೆ ಅನ್ನೋದು ನಮಗೆ ಬಹಳ ಇಷ್ಟವಾದ ಭಾಗ. ಎರ್ಬಿಯಂ ಅಯಾನು ಉದ್ರಿಕ್ತ ಸ್ಥಿತಿಯಲ್ಲಿ ಸುಮಾರು 10 ಮಿಲಿಸೆಕೆಂಡ್ ಇರುತ್ತೆ. ಅಷ್ಟರಲ್ಲಿ ಬೆಳಕು ಒಂದು ಲಕ್ಷ ಸುತ್ತು ಮುಗಿಸಿರುತ್ತೆ. ಹಾಗಾಗಿ ಅದಕ್ಕೆ ಬಿಡಿ ಪಲ್ಸ್‌ಗಳ ಪರಿಚಯವೇ ಇಲ್ಲ, ಗೊತ್ತಿರೋದು ಸರಾಸರಿ ಮಾತ್ರ, ಎಲ್ಲರಿಗೂ ಒಂದೇ ರೇಷನ್. ಮೂರರಲ್ಲಿ ಒಂದು ಕೊಬ್ಬಿದರೆ ಮೇಲಿನ ಕಾರಣಗಳಿಂದ ಅದಕ್ಕೇ ನಷ್ಟ ಜಾಸ್ತಿಯಾಗಿ ಮತ್ತೆ ಸಾಲಿಗೆ ಬರುತ್ತೆ.

ಇನ್ನೊಂದು ತಮಾಷೆ. ಪಂಪ್ ಏರಿಸುವಾಗ ಒಂದು ಎರಡಾದ ಜಾಗದಲ್ಲೇ, ಇಳಿಸುವಾಗ ಎರಡು ಒಂದಾಗಲ್ಲ. ಇನ್ನೂ ಕೆಳಗೆ ಬರಬೇಕು. ಶುರುವಾಗೋಕೆ ಬೇಕಾದ ಪಂಪ್ ಕೂಡ ಉಳಿಯೋಕೆ ಬೇಕಾದ್ದಕ್ಕಿಂತ ಹೆಚ್ಚು. ಟ್ರಾನ್ಸ್‌ಫಾರ್ಮರ್ ಕೋರ್‌ನಲ್ಲಿ ಓದಿದ ಹಿಸ್ಟೆರೆಸಿಸ್ ಇಲ್ಲೂ ಬಂತು ನೋಡಿ. ಒಂದೇ ಪಲ್ಸ್ ಬೇಕಿದ್ದರೆ ಮೊದಲು ಲಾಕ್ ಮಾಡಿ, ಆಮೇಲೆ ಪಂಪನ್ನು ಮೆಲ್ಲಗೆ ಇಳಿಸುತ್ತಾ ಬರಬೇಕು. ಒಂದೊಂದಾಗಿ ಪಲ್ಸ್ ಉದುರುತ್ತವೆ. ಪ್ರತಿ ಸಲವೂ ಪವರ್ ಮೀಟರಿನಲ್ಲಿ ಸಣ್ಣ ಮೆಟ್ಟಿಲು ಇಳಿದದ್ದು ಕಾಣುತ್ತೆ. ಏರಿಸುವಾಗಲೂ ಇಳಿಸುವಾಗಲೂ ರೀಡಿಂಗ್ ತಗೊಂಡಿದ್ದರೆ ನಮಗೆ ಅಂದೇ ಗೊತ್ತಾಗ್ತಿತ್ತು. ನಾವು ಏರಿಸುವಾಗ ಮಾತ್ರ ತಗೊಂಡಿದ್ದೆವು, ಅದೂ ದೊಡ್ಡ ದೊಡ್ಡ ಹೆಜ್ಜೆಯಲ್ಲಿ.

ಮೋಸ ಹೋಗುವ ದಾರಿ ಇದೊಂದೇ ಅಲ್ಲ. 1997ರಲ್ಲಿ ಹೊರೊವಿಟ್ಸ್, ಬರಾದ್, ಸಿಲ್ಬರ್‌ಬರ್ಗ್ ವರದಿ ಮಾಡಿದ ಗದ್ದಲದಂಥ ಪಲ್ಸ್‌ಗಳಲ್ಲಿ ಹೊರಗಿನಿಂದ ನೋಡಿದ್ರೆ ಶಿಸ್ತಿನ ಸಾಲು, ಒಳಗೆ ಅಡ್ಡಾದಿಡ್ಡಿ ಸಣ್ಣ ಪಲ್ಸ್‌ಗಳ ಮೂಟೆ. ಆಟೋಕೋರಿಲೇಟರ್‌ನಲ್ಲಿ ಅಗಲವಾದ ಪೀಠದ ಮೇಲೆ ಸೂಜಿಯಂಥ ಮೊನೆ ಕಾಣುತ್ತೆ. ಆ ಮೊನೆಯನ್ನೇ ಪಲ್ಸ್‌ನ ಅಗಲ ಅಂತ ಬರೆದುಕೊಂಡರೆ ಮುಗೀತು.

ಸ್ಪೆಕ್ಟ್ರಮ್ ಅನಲೈಸರ್ ಒಂದು ಸಲ ಗೀಚುವಷ್ಟರಲ್ಲಿ ಲಕ್ಷಾಂತರ ಪಲ್ಸ್ ಹಾದುಹೋಗಿರುತ್ತವೆ, ನಮಗೆ ಸಿಗೋದು ಸರಾಸರಿ. ಬಿಡಿ ಪಲ್ಸ್ ನೋಡೋಕೆ ಒಂದು ಉಪಾಯ ಇದೆ, ಅದೂ ನಮ್ಮ ಹಳೇ ಶತ್ರು ಡಿಸ್ಪರ್ಶನ್‌ನಿಂದಲೇ. ಹೊರಬಂದ ಪಲ್ಸನ್ನು 10 ಕಿಲೋಮೀಟರ್ ಫೈಬರಿನಲ್ಲಿ ಓಡಿಸಿದರೆ ಒಂದು ನ್ಯಾನೋಮೀಟರ್ 170 ಪಿಕೋಸೆಕೆಂಡ್ ಆಗಿ ಹಿಗ್ಗುತ್ತೆ. ಬಣ್ಣಗಳು ಕಾಲದಲ್ಲಿ ಸಾಲಾಗಿ ನಿಲ್ಲುತ್ತವೆ. ವೇಗದ ಆಸಿಲೋಸ್ಕೋಪ್ ಇದ್ದರೆ ಪ್ರತಿ ಪಲ್ಸ್‌ನ ಸ್ಪೆಕ್ಟ್ರಮ್ ಬೇರೆ ಬೇರೆಯಾಗಿ ಓದಬಹುದು. 2015ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನ ತಂಡವೊಂದು ಈ ವಿಧಾನದಿಂದಲೇ ಫೈಬರ್ ಲೇಸರಿನಲ್ಲಿ ಸಾಲಿಟಾನ್ ಸ್ಫೋಟಗಳನ್ನು ಹಿಡಿಯಿತು: ಪಲ್ಸ್ ಇದ್ದಕ್ಕಿದ್ದಂತೆ ಕುಸಿದು, ಕೆಲವು ಸುತ್ತುಗಳಾದ ಮೇಲೆ ಏನೂ ಆಗಿಲ್ಲವೇನೋ ಅನ್ನುವಂತೆ ಮೊದಲಿನ ರೂಪಕ್ಕೆ ಬರುತ್ತೆ. ಸರಾಸರಿ ನೋಡುವ ಉಪಕರಣಕ್ಕೆ ಅದರ ಸುಳಿವೂ ಸಿಗಲ್ಲ.

ನಿಜವಾಗಿ ಹೆಚ್ಚು ಶಕ್ತಿ ಬೇಕಾದವರು ಸಾಲಿಟಾನನ್ನೇ ಬಿಟ್ಟರು. 2006ರಲ್ಲಿ ಕಾರ್ನೆಲ್‌ನ ಫ್ರಾಂಕ್ ವೈಸ್ ತಂಡ ಯಿಟರ್ಬಿಯಂ ಲೇಸರಿನಲ್ಲಿ ಇಡೀ ರಿಂಗನ್ನು ವಿರುದ್ಧ ಚಿಹ್ನೆಯ ಡಿಸ್ಪರ್ಶನ್‌ನಿಂದ ಮಾಡಿ ತೋರಿಸಿತು. ಅಲ್ಲಿ ಪಲ್ಸ್ ಹಿಗ್ಗಿಯೇ ಸುತ್ತುತ್ತೆ, ತೀವ್ರತೆ ಕಡಿಮೆ ಇರೋದರಿಂದ ಒಡೆಯದೆ ನ್ಯಾನೋಜೂಲ್‌ಗಳನ್ನು ಹೊರುತ್ತೆ, ಹೊರಬಂದ ಮೇಲೆ ಗ್ರೇಟಿಂಗ್‌ನಿಂದ ಅದನ್ನು ಒತ್ತಿ ಕಿರಿದಾಗಿಸುತ್ತಾರೆ.

ನಮ್ಮ ಮಿಕ್ಕ ಎರಡು ವಾರ ಅದೇ ಗ್ರಾಫನ್ನು ಮತ್ತೆ ತೆಗೆಯೋದರಲ್ಲಿ ಹೋಯ್ತು, ಈ ಸಲ ಸಣ್ಣ ಹೆಜ್ಜೆ, ಏರಿಕೆ ಇಳಿಕೆ ಎರಡೂ, ಪ್ರತಿ ಬಿಂದುವಿಗೂ ಉದ್ದ ರೇಂಜಿನ ಆಟೋಕೋರಿಲೇಶನ್. ಒಂದು ಪಲ್ಸ್‌ನ ಶಕ್ತಿ ಈಗ ನೇರ ಗೆರೆಯಲ್ಲ, ಗರಗಸದ ಹಲ್ಲು: ಸ್ವಲ್ಪ ಏರುತ್ತೆ, ಒಡೆಯುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ, 0.12ರ ಆಸುಪಾಸು ಬಿಟ್ಟು ದೂರ ಹೋಗಲ್ಲ. ರಿವ್ಯೂನಲ್ಲಿ ಹಳೇ ಗ್ರಾಫನ್ನೂ ಪಕ್ಕದಲ್ಲೇ ಇಟ್ಟೆವು. ಪ್ರಶ್ನೆಗಳೆಲ್ಲ ಬಂದದ್ದು ಅದರ ಮೇಲೆಯೇ.

ಕೊನೆಗೆ ನಿಮಗೊಂದು ಲೆಕ್ಕ. ಮುಂದಿನ ಬ್ಯಾಚಿನ ಇಂಟರ್ನ್ ಒಬ್ಬನಿಗೆ ಆಟೋಕೋರಿಲೇಟರ್‌ನಲ್ಲಿ ಏಳು ಶಿಖರ ಕಂಡವು, ಎತ್ತರ 1, 2, 3, 4, 3, 2, 1. ಸ್ಪೆಕ್ಟ್ರಮ್ 5 ನ್ಯಾನೋಮೀಟರ್, ರಿಂಗ್ ನಮ್ಮದೇ 20 ಮೀಟರ್. ಅವನ ಪವರ್ ಮೀಟರ್ ಎಷ್ಟು ತೋರಿಸ್ತಿರಬೇಕು? ಕಪ್ಲರ್ 10 ಪರ್ಸೆಂಟ್ ಅನ್ನೋದು ಮರೀಬೇಡಿ.