ಬಿಸಿಲೂರಿನಲ್ಲಿ ಬಿಸಿಲು ಕಾಣದ ಬಟ್ಟೆ

ದೇವದುರ್ಗ ತಾಲೂಕಿನ ಹಳ್ಳಿಯೊಂದರ ಶಾಲೆಗೆ ನಾನು ವಿಜ್ಞಾನ ಶಿಕ್ಷಕಿಯಾಗಿ ಹೋದ ಹೊಸತು. ಎಂಟನೇ ತರಗತಿಯ ಹುಡುಗಿಯೊಬ್ಬಳಿಗೆ ತಿಂಗಳಿಗೊಮ್ಮೆ ತಪ್ಪದೆ 'ಜ್ವರ' ಬರುತ್ತಿತ್ತು. ಮೂರು ದಿನ ಗೈರು, ನಾಲ್ಕನೇ ದಿನ ಚೀಟಿ. ಹತ್ತಿ ಬಿಡಿಸಲು ಹೋಗಿರಬೇಕೆಂದು ಒಮ್ಮೆ ಎಲ್ಲರೆದುರು ಗದರಿದೆ. ಪಾಠ ಮುಗಿದ ಮೇಲೆ ಅವಳ ಗೆಳತಿ ಬಂದು ಪಿಸುಗುಟ್ಟಿದಳು: "ಜ್ವರ ಅಲ್ರೀ ಟೀಚರ್, ಆಕಿ ಹೊರಗಾಗಿದ್ಳು." ಅವಳ ವಯಸ್ಸಿನಲ್ಲಿ ನನಗೂ ಇದೇ ಜ್ವರ ಬರುತ್ತಿತ್ತು. ಮರೆತುಬಿಟ್ಟಿದ್ದೆ.

2013–14ರಲ್ಲಿ ಶುರುವಾದ ಸರ್ಕಾರದ 'ಶುಚಿ' ಯೋಜನೆಯ ಪ್ಯಾಡುಗಳು ಆಗ ಶಾಲೆಗೆ ಬರುತ್ತಿದ್ದವು. ಹಂಚಿದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆದರೆ ಪ್ಯಾಡ್ ಪಡೆದವರ ಹೆಸರಿನ ಮುಂದೂ ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತಲೇ ಇತ್ತು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ. ಶೌಚಾಲಯಕ್ಕೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಬಳಸಿದ್ದನ್ನು ಎಸೆಯಲು ಜಾಗವಿಲ್ಲ. ಕೆಲವರು ಅದನ್ನು ಸುತ್ತಿ ಪಾಟಿಚೀಲದಲ್ಲೇ ಮನೆಗೆ ಒಯ್ಯುತ್ತಿದ್ದರು. ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ನಮ್ಮ ಸುಡು ಬೇಸಿಗೆಯಲ್ಲೂ ಸಂಜೆವರೆಗೆ ನೀರು ಮುಟ್ಟುತ್ತಿರಲಿಲ್ಲ. ಒಂದು ಚಿಲಕ, ಒಂದು ಡ್ರಮ್ಮು ನೀರು, ಮುಚ್ಚಳದ ಬುಟ್ಟಿ: ಇಷ್ಟು ಮಾಡಿದ ಮೇಲೆ ಗೈರು ಕಡಿಮೆಯಾಯಿತು.

ಕೊರೊನಾ ಕಾಲದಲ್ಲಿ ಪ್ಯಾಡ್ ಬರುವುದು ನಿಂತಾಗ ನಾನು ಮಾನ್ವಿಯಲ್ಲಿದ್ದೆ. ಹುಡುಗಿಯರು ಮತ್ತೆ ಹಳೆ ಸೀರೆಯ ತುಂಡಿಗೆ ಮರಳಿದರು. ಬಟ್ಟೆ ಬಳಸುವುದು ತಪ್ಪೇನಲ್ಲ, ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿದರೆ ಸಾಕು. "ಎಲ್ಲಿ ಒಣಗಿಸ್ತೀರಿ?" ಎಂದೆ. "ಟ್ರಂಕಿನ ಹಿಂದ್ರೀ." "ಲಂಗದ ಕೆಳಗ ಮುಚ್ಚಿ." ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಎಲ್ಲಕ್ಕೂ ಬಿಸಿಲು ಕೊಡುವ ಊರಿನಲ್ಲಿ ಇದೊಂದು ಬಟ್ಟೆಗೆ ಬಿಸಿಲಿಲ್ಲ! ಹಸಿಯಾಗಿಯೇ ಕಟ್ಟಿಕೊಂಡು ತುರಿಕೆ, ಗಾಯ ಮಾಡಿಕೊಂಡವರಿದ್ದರು.

ಈಗ ರಾಯಚೂರು ನಗರದಲ್ಲಿದ್ದೇನೆ. 2024ರಲ್ಲಿ 'ಶುಚಿ' ಮರಳಿತು. ಆದರೂ ಅಂಗಡಿಯವರು ಪ್ಯಾಡನ್ನು ಪೇಪರಿನಲ್ಲಿ ಸುತ್ತಿಯೇ ಕೊಡುತ್ತಾರೆ. ಅವರನ್ನೇಕೆ ದೂರಲಿ, ನಾನೇ ಎಷ್ಟೋ ವರ್ಷ ತರಗತಿಯಲ್ಲಿ 'ಆ ದಿನಗಳು' ಎಂದು ಹೇಳಿ ಪುಟ ತಿರುವಿದ್ದೇನೆ. ಈಗ ಹುಡುಗರೂ ಕೂತಿರುವಾಗಲೇ 'ಮುಟ್ಟು' ಎನ್ನುತ್ತೇನೆ. ಮೊದಲ ದಿನ ನಕ್ಕರು. ಆಮೇಲೊಂದು ದಿನ ಒಬ್ಬ ಹುಡುಗ ಕೇಳಿದ: "ನಮ್ಮಕ್ಕಗ ಭಾಳ ಹೊಟ್ಟಿ ನೋಯ್ತದ್ರೀ, ಏನ್ ಮಾಡ್ಬೇಕು?"

ತಾಯಂದಿರಲ್ಲಿ, ಅದಕ್ಕಿಂತ ಹೆಚ್ಚಾಗಿ ತಂದೆಯಂದಿರಲ್ಲಿ ಒಂದೇ ಕೋರಿಕೆ: ಮಗಳ ಆ ಬಟ್ಟೆಗೂ ಅಂಗಳದ ಬಿಸಿಲಿನಲ್ಲಿ ಒಂದು ಹಗ್ಗ ಕಟ್ಟಿಕೊಡಿ.